ನರದಲ್ಲಿ ಮಲಗಿದ್ದು

ಆಸ್ಪತ್ರೆಯ ಬಾಗಿಲಲ್ಲಿ ಶವವನ್ನು ವ್ಯಾನಿನೊಳಗೆ ಏರಿಸುತ್ತಿದ್ದವರನ್ನು ಓಡಿ ಬಂದು ತಡೆದವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕೈಯಲ್ಲಿ ಐಸ್ ಡಬ್ಬಿ, ಕಣ್ಣಲ್ಲಿ ನೀರು. ತನ್ನ ಗಂಡ ಸತ್ತರೆ ಇವಳೇಕೆ ಅಳಬೇಕು ಎಂದು ಶಿವದೇವಿ ಕಣ್ಣು ಕಿರಿದು ಮಾಡಿ ನೋಡಿದಳು.

“ಸೂಗಪ್ಪನೋರನ್ನ ಒಯ್ಯೂದು ಒಂದು ತಾಸು ತಡೀರಿ. ನಾ ನಲಿನಿ, ಸಿಕಂದರಾಬಾದ್‌ನ ಲ್ಯಾಬಿನಾಕಿ. ವಾರ್ಡಿನ ಡಾಕ್ಟರು ಫೋನ್ ಮಾಡಿದ್ರು. ಸತ್ತ ಮ್ಯಾಲ ಬೆನ್ನಿನ ನರದ ಒಂದು ಗಂಟು ಕೊಡತೀನಂತ ಇವರು ನಮಗ ಮಾತು ಕೊಟ್ಟಿದ್ರು. ಮನಿಯೋರು ಹೂಂ ಅಂದ್ರ ಇಲ್ಲೇ ತೆಗೀತಾರ.”

“ಹೆಣ ಕೊಯ್ಯಾಕ ಬಂದೀರೇನು?” ಮೈದುನ ಮಲ್ಲಣ್ಣ ಗುಡುಗಿದ. “ನಮ್ಮಲ್ಲಿ ಹೆಣ ಸುಡಂಗಿಲ್ಲ, ಗುಣಿಯೊಳಗ ಇಡಿಯಾಗಿ ಕೂಡಸಬೇಕು. ಕಿಡ್ನಿ ಮಾರೋ ಮಂದಿ ಇರಬೇಕು, ವೈನಿ.”

ಶಿವದೇವಿಯ ಸಂಶಯವೇ ಬೇರೆ.

*

ಶಿವದೇವಿ ಕಟ್ಟಿಕೊಂಡದ್ದು ಸೋದರತ್ತೆಯ ಮಗನನ್ನು, ಚಡ್ಡಿ ಹಾಕುವ ಕಾಲದಿಂದ ಕಂಡವನನ್ನು. ರೈಲ್ವೆಯಿಂದ ನಿವೃತ್ತನಾದ ಮೇಲೆ ಅವನು ಮಲ್ಕಾಜ್‌ಗಿರಿಯ ಮನೆ ಬಿಟ್ಟು ಕದಲಿದವನಲ್ಲ. ಎರಡು ವರ್ಷದ ಹಿಂದೆ ಸೊಂಟಕ್ಕೆ ಸರ್ಪಸುತ್ತು ಎದ್ದಿತು. ಗುಳ್ಳೆ ಒಣಗಿದರೂ ಉರಿ ಹೋಗಲಿಲ್ಲ. ಅಲ್ಲಿಂದ ಶುರುವಾಯಿತು, ತಿಂಗಳಿಗೊಂದು ಗುರುವಾರ ಇಸ್ತ್ರಿ ಅಂಗಿ.

“ಎಲ್ಲಿಗೆ?”

“ದೋಸ್ತರ ಕಡೆ.”

ಒಮ್ಮೆ ಮೊಣಕೈ ಮಡಿಕೆಯಲ್ಲಿ ಹತ್ತಿಯ ಚೂರು ಕಂಡು ಕೇಳಿದರೆ “ಸೊಳ್ಳಿ ಕಡೀತು” ಎಂದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ತಿಳಿಯುವುದಿಲ್ಲವೇ? ಆ ದಿನ ಶಿವದೇವಿ ಅವನಿಗೆ ಊಟ ಬಡಿಸಲಿಲ್ಲ.

*

“ಗುರುವಾರ ನಿನ್ನ ಕಡೇನ ಬರತಿದ್ರೇನು?”

“ಹೌದ್ರಿ, ರಕ್ತ ಕೊಡಾಕ. ಸೀತಾಳೆ ಸಿಡುಬು ವಾಸಿಯಾದ್ರೂ ಅದರ ವೈರಸ್ ಬೆನ್ನಿನ ನರದ ಗಂಟಿನೊಳಗ ಮಲಗಿರತೈತಿ. ಮುಪ್ಪಿನಾಗ ಎದ್ರ ಸರ್ಪಸುತ್ತು. ಮಲಗಿದ್ದಾಗೂ ಅದರ ಒಂದೆರಡು ಜೀನು ಕೆಲಸ ಮಾಡತಿರತಾವ. ಯಾವು ಅಂತ ನೋಡಾಕತ್ತೀವಿ. ಸತ್ತು ಭಾಳ ಹೊತ್ತಾದ್ರ ಉಳಿದವೂ ಏಳತಾವ, ಆಮ್ಯಾಲ ಏನೂ ತಿಳಿಯಂಗಿಲ್ಲ.”

“ಮತ್ತ ಮನ್ಯಾಗ ಯಾಕ ಮುಚ್ಚಿಟ್ರು?”

ನಲಿನಿ ತಲೆ ತಗ್ಗಿಸಿದಳು. “ಸಣ್ಣವರಿದ್ದಾಗ ನಿಮಗ ಅಮ್ಮ ಬಂದಿದ್ಲಂತ, ಅದ ಸೀತಾಳೆ ಸಿಡುಬು. ಸಾಲಿ ಸೂಟಿಗೆ ಬಂದಿದ್ದ ಇವರು ನಿಮ್ಮ ಹಾಸಿಗಿ ಬಿಟ್ಟು ಏಳಲಿಲ್ಲಂತ, ಇವರಿಗೂ ಹತ್ತಿತಂತ. ‘ಇದು ಶಿವದೇವಿ ಕೊಟ್ಟಿದ್ದು. ಗೊತ್ತಾದ್ರ ಈ ಉರಿ ತನ್ನಿಂದ ಬಂತಂತ ಕೊರಗತಾಳ’ ಅಂತಿದ್ರು.”

ತವರು ಶಹಾಪುರದ ನಡುಮನೆ, ಬೇವಿನೆಲೆ ಹರಡಿದ ಚಾಪೆ, ಮೈ ಕೆರೆದುಕೊಳ್ಳಬಾರದೆಂದು ಅವಳ ಎರಡೂ ಕೈ ಹಿಡಿದು ಕೂತಿದ್ದ ಹುಡುಗ. ಶಿವದೇವಿಗೆ ದುಃಖ ಒತ್ತರಿಸಿ ಬಂತು. ಆದರೂ ಸಂಶಯ ಪೂರ್ತಿ ಬಿಡಲಿಲ್ಲ.

“ಇದನ್ನೆಲ್ಲಾ ನಿನ್ನ ಮುಂದ ಹೇಳ್ಯಾರ?”

“ಬ್ಯಾರೆ ಮಾತೇ ಆಡತಿರಲಿಲ್ರೀ ಅಮ್ಮ.”

ಶಿವದೇವಿ ಮೂಗು ಒರೆಸಿಕೊಂಡಳು. “ತಗೋರಿ.”

“ವೈನಿ!”

“ಅದು ನಾ ಕೊಟ್ಟಿದ್ದು, ಮಲ್ಲಣ್ಣ. ನಾನ ಕೊಡತೀನಿ.”

ಸ್ಟ್ರೆಚರ್ ಮತ್ತೆ ಆಸ್ಪತ್ರೆಯೊಳಗೆ ಹೋಯಿತು. ಹೊರಗೆ ಬೆಂಚಿನ ಮೇಲೆ ಕೂತ ಶಿವದೇವಿ, ಸೆರಗಿನ ಹಿಂದೆ ಕೈ ಹಾಕಿ, ತನ್ನ ಬೆನ್ನಿನ ಮಣಿಗಳನ್ನು ಒಂದೊಂದಾಗಿ ಒತ್ತಿ ನೋಡಿಕೊಳ್ಳತೊಡಗಿದಳು.