ಬಾಲದ ದನಿ

"ಕಲ್ಲಿನ ಮೇಲಿರೋವಾಗ ಯಾರೂ ಹಿಂದೆ ತಿರುಗಿ ನೋಡಬೇಡಿ," ಎಂದಳು ಗುಂಪಿಗೆ ದಾರಿ ತೋರಿಸುವ ತಿಲ್ದೆ. "ಕತ್ತು ತಿರುಗಿದ ಕಡೆ ಹ್ಯಾಂಡಲ್ಲು, ಹ್ಯಾಂಡಲ್ ತಿರುಗಿದ ಕಡೆ ಚರಂಡಿ."

"ಹೆಂಡತಿ ಕರೆದ್ರೂ ನೋಡಬಾರದಾ?" ಹಿಡ್ಡೆ ಕೇಳಿದ.

"ಕರೆದಾಗ ತಿರುಗಿ ನೋಡೋ ಅಭ್ಯಾಸ ನಿಂಗೆ ಯಾವತ್ತಿತ್ತು?" ಎಂದಳು ಅವನ ಹೆಂಡತಿ ಫೆಮ್ಕೆ. ಉಳಿದ ಅತಿಥಿಗಳು ನಕ್ಕರು.

ಈ ವಾರದ ಮೊದಲ ಕಲ್ಲುದಾರಿಯಾದ ಕಾಗೆಗುಡ್ಡದ ಬುಡದಲ್ಲಿ, ಡಾಂಬರು ಮುಗಿದು ಕಲ್ಲುಹಾಸು ಮೊದಲಾಗುವ ಗೆರೆಯ ಮೇಲೆ, ಅವರು ಸೈಕಲ್ಲುಗಳನ್ನು ತೊಡೆಗೆ ಆನಿಸಿಕೊಂಡು ನಿಂತಿದ್ದರು. ಏಪ್ರಿಲ್ ತಿಂಗಳ ಮಂಜು ಹೊಲಗಳ ಮೇಲೆ ಕೂತಿತ್ತು. ಅದರೊಳಗಿಂದ ಹಂದಿಗೊಬ್ಬರದ ವಾಸನೆ ಮಾತ್ರ ಸ್ಪಷ್ಟವಾಗಿ ಹೊರಬರುತ್ತಿತ್ತು. ಭಾನುವಾರದ ದೊಡ್ಡ ರೇಸು ಇದೇ ದಾರಿಯಲ್ಲಿ ಹೋಗುವುದರಿಂದ ಯಾರೋ ಆಗಲೇ ಕೊಟ್ಟಿಗೆಯ ಗೋಡೆಗೆ ಕಪ್ಪು ಸಿಂಹದ ಹಳದಿ ಬಾವುಟ ಕಟ್ಟಿದ್ದರು. ಅದು ತೊಯ್ದು ಜೋತುಬಿದ್ದು, ಸಿಂಹ ತಲೆಕೆಳಗಾಗಿ ಮಲಗಿದಂತೆ ಕಾಣುತ್ತಿತ್ತು. ಅತಿಥಿಗಳೆಲ್ಲರೂ ಹಾಲೆಂಡಿನವರು; ಚಪ್ಪಟೆ ನೆಲದಲ್ಲಿ ಹುಟ್ಟಿ, ರೇಸಿನ ವಾರಕ್ಕೆಂದು ಗಡಿ ದಾಟಿ ಫ್ಲಾಂಡರ್ಸಿನ ಈ ಮೂಲೆಗೆ ಓಡಿಬಂದು, ಗುಡ್ಡ ಹತ್ತಿ ಏದುಸಿರು ಬಿಡುವುದಕ್ಕೆ ದುಡ್ಡು ಕೊಡುವ ಜನ.

"ಮತ್ತೆ ಹಿಂದಿನೋರು ಬಂದ್ರೋ ಇಲ್ವೋ ನಿಮಗೆ ಹೆಂಗೆ ಗೊತ್ತಾಗುತ್ತೆ?" ಎಂದು ಕೇಳಿದವರು ಸಿಟ್ಸೆ, ಗುಂಪಿನ ಹಿರಿಯರು, ನಿವೃತ್ತ ಗಣಿತ ಮೇಷ್ಟ್ರು. ಎಲ್ಲ ಗುಡ್ಡದಲ್ಲೂ ಕೊನೆಗೆ ಬರುವವರು ಅವರೇ ಆದ್ದರಿಂದ ಪ್ರಶ್ನೆ ಬರೀ ಕುತೂಹಲದ್ದಾಗಿರಲಿಲ್ಲ.

"ಅದಕ್ಕೇ ಬಾಲ ಇರೋದು ಮೇಷ್ಟ್ರೆ. ರೆಮಿ ಮಾಮ ನಿಮ್ಮ ಹಿಂದೇನೇ ಇರ್ತಾರೆ. ಎಲ್ಲರೂ ಕಲ್ಲು ದಾಟಿದ್ರು ಅಂದ್ರೆ ಹಾರನ್ ಒಂದು ಸಲ. ಏನಾದ್ರೂ ಆಯ್ತು ಅಂದ್ರೆ ಎರಡು ಸಲ. ಕೇಳೋ ತನಕ ನಾನು ಮುಂದಕ್ಕೆ ಹೋಗೋದೇ ಇಲ್ಲ."

ರೆಮಿ ತನ್ನ ಹ್ಯಾಂಡಲ್ಲಿಗೆ ಬಿಗಿದ ರಬ್ಬರ್ ಉಂಡೆಯ ಹಾರನ್ನನ್ನು ಒಮ್ಮೆ ಒತ್ತಿ ತೋರಿಸಿದ. ಬ್ರೆಡ್ಡಿನ ಗಾಡಿ ಓಡಿಸುತ್ತಿದ್ದ ಕಾಲದ ಹಾರನ್ ಅದು.

"ಬಾತುಕೋಳಿ!" ಎಂದ ಹಿಡ್ಡೆ. ರೆಮಿ ನಕ್ಕ. ಅವನ ನಗುವಿಗೆ ಶಬ್ದವಿರಲಿಲ್ಲ; ಭುಜಗಳು ಮಾತ್ರ ಕುಲುಕಿದವು.

ಗಂಟಲು ಸರಿಯಿಲ್ಲ ಎಂದಷ್ಟೇ ತಿಲ್ದೆ ಅತಿಥಿಗಳಿಗೆ ಹೇಳಿದ್ದಳು. ರಜೆಗೆ ಬಂದವರು ಮರುಕಪಡುತ್ತ ಸೈಕಲ್ ಹೊಡೆಯಬೇಕಾಗಿಲ್ಲ. ನಿಜವೆಂದರೆ ಕಳೆದ ಶರತ್ಕಾಲದಲ್ಲಿ ವೈದ್ಯರು ಕ್ಯಾನ್ಸರ್ ಗೆಡ್ಡೆಯ ಜೊತೆಗೆ ರೆಮಿಯ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಕುತ್ತಿಗೆಗೆ ಕಟ್ಟಿದ ನೀಲಿ ವಸ್ತ್ರದ ಹಿಂದೆ ಒಂದು ರಂಧ್ರವಿತ್ತು. ಅವನ ಉಸಿರು ಅಲ್ಲಿಂದಲೇ ಹೋಗಿ ಬರುತ್ತಿತ್ತು, ಏರುದಾರಿಯಲ್ಲಿ ಖಾಲಿ ಸೀಸೆಯ ಬಾಯಿಗೆ ಗಾಳಿ ಊದಿದಂತೆ ಕೇಳುತ್ತಿತ್ತು. ಗಂಟಲಿಗೆ ಒತ್ತಿಕೊಂಡು ಮಾತಾಡುವ ಯಂತ್ರವೊಂದನ್ನು ಆಸ್ಪತ್ರೆಯಲ್ಲಿ ಕೊಟ್ಟಿದ್ದರು. ಅವನು ಮನೆಯಲ್ಲಿ ಒಂದೇ ಸಲ ಅದರಿಂದ ಹೆಂಡತಿಯ ಹೆಸರು ಹಿಡಿದು ಕರೆದ. ಆಕೆ ಅಡುಗೆಮನೆಯಿಂದ ಹೊರಬರಲೇ ಇಲ್ಲ. ಯಂತ್ರ ಕಪಾಟು ಸೇರಿತು.

ಅದಕ್ಕೆ ಮೊದಲಿನ ವಸಂತಗಳಲ್ಲಿ ಹಾರನ್ನಿನ ಅಗತ್ಯವೇ ಇರಲಿಲ್ಲ. ಕೊನೆಯ ಅತಿಥಿ ಕಲ್ಲು ದಾಟಿದ ಕೂಡಲೇ ರೆಮಿ ಹಿಂದಿನಿಂದ "ಪೂರ್ತೀ!" ಎಂದು ಕೂಗುತ್ತಿದ್ದ. ಬೀದಿಬೀದಿ ಬ್ರೆಡ್ಡು ಕೂಗಿ ಮಾರಿದ ಗಂಟಲು. ಕೊನೆಯ ಅಕ್ಷರ ಮೆಟ್ಟಿಲೇರಿದಂತೆ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಮುಂದಿರುವ ತಿಲ್ದೆ ಬಲಗೈ ಎತ್ತಿ, ಕೇಳಿಸಿತೆಂದು ತೋರಿಸಿ, ವೇಗ ಹೆಚ್ಚಿಸುತ್ತಿದ್ದಳು. ಕೂಗಿಗೂ ಕೈಗೂ ನಡುವೆ ಯೋಚನೆ ಎಂಬುದು ಇರುತ್ತಲೇ ಇರಲಿಲ್ಲ.

ಈ ವರ್ಷ ಪ್ರವಾಸ ನಡೆಸುವ ಒಡತಿ ಕರೋಲಿನ್ ರೆಮಿಯನ್ನು ಬಾಲಕ್ಕೆ ಹಾಕಲು ಒಪ್ಪಿರಲಿಲ್ಲ. "ಬಾಲಕ್ಕೆ ಬಾಯಿ ಬೇಕು ಕಣೆ. ಮಾಮನ ಮೇಲೆ ನಂಗೂ ಪ್ರೀತಿ ಇದೆ. ಆದ್ರೆ ಜನ ಬಿದ್ರೆ?" ತಿಲ್ದೆ ಪಟ್ಟು ಹಿಡಿದಿದ್ದಳು. ಈ ವಾರ ನೋಡೋಣ, ಒಂದೇ ಒಂದು ಎಡವಟ್ಟಾದರೂ ಮಾಮ ಪೊರಕೆ ಗಾಡಿಯಲ್ಲಿ ಕೂರಲಿ ಎಂಬಲ್ಲಿಗೆ ಮಾತು ನಿಂತಿತು. ಪೊರಕೆ ಗಾಡಿ ಎಂದರೆ ಕೈಚೆಲ್ಲಿದವರನ್ನು ಗುಡಿಸಿಕೊಂಡು ಬರುವ ಹಿಂದಿನ ವ್ಯಾನು. ಕರೋಲಿನ್‌ಳೇ ಅದನ್ನು ಓಡಿಸುತ್ತಿದ್ದಳು. ಆ ಸೀಮೆಯಲ್ಲಿ ಸೈಕಲ್ ಹೊಡೆದ ಯಾವ ಗಂಡಸೂ ಪ್ರಜ್ಞೆಯಿರುವಾಗ ಅದನ್ನು ಹತ್ತುವುದಿಲ್ಲ.

ಗುಂಪು ಕಲ್ಲಿನ ಮೇಲೇರಿತು. ಒದ್ದೆ ಕಲ್ಲುಗಳ ಬೆನ್ನು ಮೀನಿನಂತೆ ಜಾರುತ್ತಿತ್ತು. ವ್ಯಾನಿಗೆ ಹೋಗಲಾಗದಷ್ಟು ಕಿರಿದಾದ ದಾರಿ, ಎರಡೂ ಕಡೆ ಆಳವಾದ ಚರಂಡಿ. ತಿಲ್ದೆ ಹಗುರ ಗೇರಿನಲ್ಲಿ, ಸೀಟಿಗೆ ಭಾರ ಬಿಟ್ಟು, ದಾರಿಯ ನಡುವಿನ ಉಬ್ಬನ್ನು ಹಿಡಿದು ಹತ್ತಿದಳು. ಹಿಂದೆ ಸರಪಳಿಗಳ ಕಟಕಟ, ಹಿಡ್ಡೆಯ ಬೈಗುಳ, ಆಮೇಲೆ ಬರೀ ಉಸಿರು. ತಿರುವಿನ ಬಳಿ ಮಂಜು ಎಷ್ಟು ದಟ್ಟವಾಯಿತೆಂದರೆ ತನ್ನ ಮುಂದಿನ ಚಕ್ರವೂ ಬೇರೆ ಯಾರದೋ ಎನ್ನಿಸಿತು.

ನೆತ್ತಿಯಲ್ಲಿ ಡಾಂಬರು ಸಿಕ್ಕಿತು. ಅವಳು ಕಾಲೂರದೆ ನಿಧಾನವಾಗಿ ಸುತ್ತತೊಡಗಿದಳು. ಒಬ್ಬೊಬ್ಬರ ಆಕಾರ ಮಂಜಿನಿಂದ ಹೊರಬಂದು ಅವಳ ಹಿಂದೆ ಸೇರಿಕೊಂಡಿತು. ಬೆವರಿದ ಮೈಗೆ ಗಾಳಿ ತಾಗಿ ಫೆಮ್ಕೆ "ಹೋಗೋಣ್ರೀ, ಹೆಪ್ಪುಗಟ್ಟಿ ಹೋಗ್ತೀನಿ" ಎಂದು ನಡುಗಿದಳು. ತಿಲ್ದೆ ಹಾರನ್ನಿಗಾಗಿ ಕಿವಿಗೊಟ್ಟಳು.

"ಪೂರ್ತೀ!"

ಕೊನೆಯ ಅಕ್ಷರ ಮೇಲಕ್ಕೆ ಹೋಗಿ ನಿಂತಿತು. ತಿಲ್ದೆಯ ಬಲಗೈ ಎದ್ದಿತು; ಕಾಲುಗಳು ಪೆಡಲ್ ಒತ್ತಿದವು. ಗುಂಪು ಇಳಿಜಾರಿನಲ್ಲಿ ಸರ್ರನೆ ಹರಿಯಿತು.

ಉತ್ತ ಹೊಲಗಳು ದಾಟಿದವು, ಸಾಲುಮರ ದಾಟಿತು. ಕವಲುದಾರಿಯ ಪುಟ್ಟ ಗುಡಿಯೊಳಗೆ ಕನ್ಯಾಮಾತೆಯ ಪಾದದ ಬಳಿ ಮೇಣದ ದೀಪ ಉರಿಯುವುದನ್ನು ಕಂಡಾಗ, ತಾನು ಕೇಳಿದ್ದು ಏನೆಂದು ತಿಲ್ದೆಯ ತಲೆಗೆ ಮುಟ್ಟಿತು. ಅವಳು ಎರಡೂ ಬ್ರೇಕು ಹಿಡಿದಳು.

"ಏನ್ರೀ, ಹಿಂಗಾ ನಿಲ್ಲಿಸೋದು!" ಹಿಡ್ಡೆ ಪಕ್ಕಕ್ಕೆ ಜಾರಿಕೊಂಡು ಕೂಗಿದ.

ತಿಲ್ದೆ ಹಿಂದೆ ನೋಡಿದಳು. ಸಿಟ್ಸೆ ಇರಲಿಲ್ಲ. ರೆಮಿ ಇರಲಿಲ್ಲ.

"ನೀವು... ನಿಮಗೆಲ್ಲ ಏನು ಕೇಳಿಸ್ತು? ಗುಡ್ಡದ ಮೇಲೆ?"

"ಪೂರ್ತಿ ಅಂದ್ರಲ್ಲ ಮಾಮ," ಎಂದಳು ಫೆಮ್ಕೆ. "ಗಂಟಲು ಸರಿಹೋಯ್ತು ಅಂತ ಖುಷಿಯಾಯ್ತು ನಂಗೆ. ಯಾಕೆ?"

ತಿಲ್ದೆ ಅವರನ್ನು ಗುಡಿಯ ಬಳಿ ನಿಲ್ಲಲು ಹೇಳಿ, ಫೋನಿನಲ್ಲಿ ಕರೋಲಿನ್‌ಗೆ ಬರಹೇಳಿ, ಬಂದ ದಾರಿಯಲ್ಲೇ ತಿರುಗಿ ತುಳಿದಳು. ರೆಮಿಗೆ ಕರೆ ಮಾಡಲು ಎರಡು ಸಲ ನೋಡಿದಳು. ಎರಡು ಸಲವೂ ಅವನ ಫೋನ್ ಸತ್ತಿತ್ತು.

ಅವರು ತಿರುವಿನ ಕೆಳಗೆ ಸಿಕ್ಕರು. ಸಿಟ್ಸೆ ಚರಂಡಿಯಲ್ಲಿ ಬಿದ್ದಿದ್ದರು. ಕಾಲು ಸೈಕಲ್ಲಿನ ಚೌಕಟ್ಟಿನಡಿ ಸಿಕ್ಕಿತ್ತು, ಒಂದು ಭುಜ ತಪ್ಪು ಜಾಗದಲ್ಲಿ ಉಬ್ಬಿತ್ತು. ರೆಮಿ ಸೊಂಟದವರೆಗೆ ತಣ್ಣೀರಿನಲ್ಲಿ ಕೂತು ಅವರ ತಲೆಯನ್ನು ಎದೆಗೆ ಒತ್ತಿಕೊಂಡು ನೀರಿನಿಂದ ಮೇಲೆ ಹಿಡಿದಿದ್ದ. ಕೈ ಬಿಟ್ಟಿದ್ದರೆ ಮುಖ ಮುಳುಗುತ್ತಿತ್ತು. ಅವನ ಹಾರನ್ನಿನ ರಬ್ಬರು ಕಲ್ಲಿಗೆ ಬಡಿದು ಸೀಳಿತ್ತು. ತಿಲ್ದೆ ಸೈಕಲ್ ಎತ್ತಿ ಎಸೆದಳು; ಇಬ್ಬರೂ ಸೇರಿ ಮೇಷ್ಟ್ರನ್ನು ದಂಡೆಗೆ ಎಳೆದರು. ಮೇಷ್ಟ್ರ ತುಟಿ ಸೀಸದ ಬಣ್ಣಕ್ಕೆ ತಿರುಗಿತ್ತು.

ರೆಮಿ ಅವಳ ಕಡೆ ತಿರುಗಿ ತುಟಿಯಾಡಿಸಿದ. ಈ ಮೂರು ದಿನಗಳಲ್ಲಿ ಅವಳು ಅವನ ತುಟಿ ಓದಲು ಕಲಿತಿದ್ದಳು. ಯಾಕೆ ಹೋದೆ?

"ನೀವು ಕೂಗಿದ್ರಿ ಮಾಮ."

ಅವನು ನೀಲಿ ವಸ್ತ್ರವನ್ನು ಬೆರಳಿನಿಂದ ಮುಟ್ಟಿಕೊಂಡ. ಏನಂತ?

"ಪೂರ್ತಿ ಅಂತ."

"ಇಲ್ಲಮ್ಮ," ಎಂದರು ಸಿಟ್ಸೆ, ಹಲ್ಲು ಕಟಕಟಿಸುತ್ತ. "ನಾನು ಇವರ ಬಾಯನ್ನೇ ನೋಡ್ತಿದ್ದೆ. ಬಾಯಿ ತೆಗೀತಾರೆ, ತೆಗೀತಾರೆ, ಏನೂ ಬರಲ್ಲ. ಇವರು ಅಂದಿದ್ದು ಪೂರ್ತಿ ಅಂತ ಅಲ್ಲ. ನಿಲ್ಲು, ನಿಲ್ಲು, ನಿಲ್ಲು ಅಂತ."

ರೆಮಿ ಗುಡ್ಡದ ಮೇಲಿನ ಮಂಜಿನ ಕಡೆ ನೋಡಿದ. ಹಗ್ಗ ಹರಿದುಕೊಂಡು ಹೋದ ತನ್ನದೇ ನಾಯಿಯನ್ನು ಹುಡುಕುವವನ ನೋಟವಾಗಿತ್ತು ಅದು.

ಸಿಟ್ಸೆಯವರನ್ನು ಆಂಬುಲೆನ್ಸಿನಲ್ಲಿ ಕಳುಹಿಸಿದ ಮೇಲೆ, ಗುಡಿಯ ಬಳಿ ವ್ಯಾನಿನ ಬಾಗಿಲು ತೆರೆದಿಟ್ಟುಕೊಂಡು ಕರೋಲಿನ್ ಕಾಫಿ ಬಗ್ಗಿಸಿಕೊಟ್ಟಳು. ರೆಮಿ ಕಂಬಳಿ ಹೊದ್ದು ವ್ಯಾನಿನ ಹೊರಗೇ ನಿಂತಿದ್ದ. ಮಳೆಹನಿ ಶುರುವಾಗಿತ್ತು, ಒಳಗೆ ಬಾ ಎಂದು ಎಷ್ಟು ಕರೆದರೂ ಅವನು ಒಳಗೆ ಕಾಲಿಡಲಿಲ್ಲ.

"ಮೇಷ್ಟ್ರು ಇನ್ನು ಅರ್ಧ ಗಂಟೆ ಆ ನೀರಲ್ಲಿದ್ದಿದ್ರೆ ಕಥೆ ಮುಗೀತಿತ್ತು ಅಂದ್ರು ಆಂಬುಲೆನ್ಸಿನೋರು," ಎಂದಳು ಕರೋಲಿನ್ ತಗ್ಗಿದ ದನಿಯಲ್ಲಿ. "ಏನಂತ ಮಾತಾಗಿತ್ತು ತಿಲ್ದೆ? ಹಾರನ್ ಕೇಳೋ ತನಕ ಹೋಗಲ್ಲ ಅಂತ ತಾನೇ?"

"ಕೂಗು ಕೇಳಿಸ್ತು."

"ಯಾರ ಕೂಗು?"

"ಇನ್ಯಾರದ್ರೀ, ಇವರದೇ," ಎಂದ ಹಿಡ್ಡೆ, ಬಾಯ್ತುಂಬ ಕೇಕು. "ನಾವೆಲ್ಲ ಕೇಳಿದ್ವಿ. ಬಾತುಕೋಳಿಗಿಂತ ಎಷ್ಟೋ ಚೆನ್ನಾಗಿತ್ತು."

"ಹೆಂಗೆ ಕೂಗಿದ್ರು?"

ಹಿಂದೆಂದೂ ಈ ಸೀಮೆಗೆ ಬಂದಿರದ, ಸೋಮವಾರವಷ್ಟೇ ರೆಮಿಯನ್ನು ಮೊದಲ ಸಲ ಕಂಡ ಫೆಮ್ಕೆ, ಲೋಟವನ್ನು ಕೆಳಗಿಟ್ಟು, ಗಲ್ಲ ಎತ್ತಿ, ಅಣಕಿಸಿ ತೋರಿಸಿದಳು. ಅಕ್ಷರ ಮೆಟ್ಟಿಲೇರಿ ಮೇಲೆ ನಿಂತಿತು.

ಕರೋಲಿನ್ ಕಾಫಿ ಬಗ್ಗಿಸುತ್ತಲೇ ಇದ್ದಳು. ಲೋಟ ತುಂಬಿ ಅವಳ ಬೆರಳಿನ ಮೇಲೆ ಹರಿದ ಮೇಲೆಯೇ ನಿಲ್ಲಿಸಿದ್ದು. ಅವಳು ಹುಟ್ಟಿದ್ದು ರೆಮಿಯ ಬೇಕರಿ ಇದ್ದ ಬೀದಿಯಲ್ಲೇ. ಬಾಲ್ಯದ ಬೆಳಗುಗಳೆಲ್ಲ ಆ ಸ್ವರಕ್ಕೇ ಎಚ್ಚರಗೊಂಡಿದ್ದವು.

"ಅದೇನೇ ಇರ್ಲಿ," ಎಂದಳು ಬೆರಳು ಒರೆಸಿಕೊಳ್ಳುತ್ತ. "ನಾಳೆಯಿಂದ ಮಾಮ ನನ್ನ ಜೊತೆ ಗಾಡಿಯಲ್ಲಿ."

ರೆಮಿ ತಲೆಯಾಡಿಸಿದ. ಅದು ಒಪ್ಪಿಗೆಯೇ ಆಗಿತ್ತು, ತಿಲ್ದೆಗೆ ನೋಡಲಾಗಲಿಲ್ಲ.

"ಬೇಡ," ಎಂದಳು. "ಮಾಮ ಮುಂದೆ ಇರ್ಲಿ. ಮುಂದಿರೋರಿಗೆ ಬಾಯಿ ಯಾಕೆ ಬೇಕು? ದಾರಿ ಗೊತ್ತಿರಬೇಕು, ಕೇಳಬೇಕು, ಕೈ ಎತ್ತಬೇಕು. ಈ ಕಲ್ಲು ಅವರಷ್ಟು ಯಾರಿಗೆ ಗೊತ್ತು? ಬಾಲಕ್ಕೆ ನಾನು ಹೋಗ್ತೀನಿ. ಕೂಗು ನಾನು ಹಾಕ್ತೀನಿ."

ಕರೋಲಿನ್ ಅವಳನ್ನು ನೋಡಿದಳು, ರೆಮಿಯನ್ನು ನೋಡಿದಳು. "ನಿನ್ನ ಗಂಟಲು ಚೆನ್ನಾಗಿದೆ ತಾನೇ?" ಎಂದಳು. ತಮಾಷೆಯೆಂದೇ ಹೊರಟ ಮಾತು. ನಗು ಮಾತ್ರ ಯಾರಿಗೂ ಬರಲಿಲ್ಲ.

ಮರುದಿನವೂ ಮಂಜಿತ್ತು. ರೆಮಿ ಮುಂದಿದ್ದ. ಗುಂಪಿನ ಹಿಂದಿನಿಂದ ನೋಡುವಾಗ ಅವನ ಬೆನ್ನು ವಯಸ್ಸಾದವನದೆನಿಸುತ್ತಿರಲಿಲ್ಲ. ಕಲ್ಲುಹಾಸಿಗೆ ಇಳಿಯುವ ಮೊದಲು ಎಡಗೈ ಬೆರಳುಗಳನ್ನು ಅಗಲಿಸಿ ತೋರಿಸುತ್ತಿದ್ದ, ಗುಂಡಿ ಬಂದಲ್ಲಿ ತೊಡೆ ತಟ್ಟುತ್ತಿದ್ದ. ಬೆಳಗಿನ ಎರಡು ಗುಡ್ಡಗಳನ್ನು ಅವರು ಒಟ್ಟಾಗಿ ಹತ್ತಿ ಇಳಿದರು. ಎರಡೂ ಕಡೆ ತಿಲ್ದೆ ಕೂಗಿದಳು. ಅವಳ ಕೂಗು ತೆಳು, ಮೊಂಡು, ಶಾಲೆಯಲ್ಲಿ ಹಾಜರಿ ಹೇಳಿದಂತೆ. ಎರಡೂ ಸಲ ರೆಮಿಯ ಕೈ ಮೇಲೆದ್ದು, ಗಾಳಿಯನ್ನು ತಟ್ಟಿ, ಕೆಳಗಿಳಿಯಿತು.

"ಬಾಲ ಬದಲಾದ್ರೂ ನಾಯಿ ಚೆನ್ನಾಗೇ ಓಡ್ತಿದೆ!" ಎಂದ ಹಿಡ್ಡೆ.

ಮಧ್ಯಾಹ್ನಕ್ಕೆ ಹೊಲಗಳ ನಡುವಿನ ಉದ್ದನೆಯ ಕಲ್ಲುಹಾಸು ಬಂದಿತು. ಏರಿಲ್ಲ, ತಿರುವಿಲ್ಲ; ಒಂದು ನೇರ ಗೆರೆ, ಎರಡೂ ಕಡೆ ಬೇಲಿಯೂ ಇಲ್ಲದ ಕಂದು ಮಣ್ಣು. ರೆಮಿಯ ಬೆನ್ನು ಮಂಜಿನಲ್ಲಿ ಮಸುಕಾಗಿ, ಕಂಡೂ ಕಾಣದ ಗುರುತಾಗಿ ಉಳಿಯಿತು. ತಿಲ್ದೆ ಎಲ್ಲರ ಹಿಂದೆ, ಫೆಮ್ಕೆಯ ಹಿಂದಿನ ಚಕ್ರದ ಮೇಲೆ ಕಣ್ಣಿಟ್ಟು, ಹಲ್ಲು ಕಚ್ಚಿ, ಕಲ್ಲುಗಳ ಬಡಿತವನ್ನು ಮೊಣಕೈಗಳಿಗೆ ಬಿಟ್ಟುಕೊಟ್ಟು ಬರುತ್ತಿದ್ದಳು. ಬೆನ್ನ ಹಿಂದೆ ಯಾರೂ ಇಲ್ಲ ಎಂಬುದು ಹೊಸ ಅನುಭವ. ಇಷ್ಟು ವರ್ಷ ಮಾಮ ಇದರಲ್ಲೇ ಇದ್ದ, ಈ ಖಾಲಿಯನ್ನು ಬೆನ್ನಿಗೆ ಕಟ್ಟಿಕೊಂಡು.

ಮುಂದೆ ಒಬ್ಬೊಬ್ಬರ ಚಕ್ರ ಡಾಂಬರಿಗೆ ಇಳಿದು ಸದ್ದು ಕಳೆದುಕೊಂಡಿತು. ಹಿಡ್ಡೆ ದಾಟಿದ. ಫೆಮ್ಕೆಯ ಚಕ್ರ ಕೊನೆಯ ಕಲ್ಲಿನಿಂದ ಜಿಗಿದು ಸಮನೆಲಕ್ಕೆ ಬಿದ್ದಿತು. ಇನ್ನೂ ಕಲ್ಲಿನ ಮೇಲೆಯೇ ಇದ್ದ ತಿಲ್ದೆ ಕೂಗಲೆಂದು ಉಸಿರು ಎಳೆದುಕೊಂಡಳು.

"ಪೂರ್ತೀ!"

ಅವಳ ತುಟಿ ತೆರೆದಿರಲಿಲ್ಲ. ಕೂಗು ಬಂದದ್ದು ಅವಳ ಬೆನ್ನ ಹಿಂದಿನಿಂದ, ಹೆಚ್ಚೆಂದರೆ ಒಂದು ಸೈಕಲ್ಲಿನಷ್ಟು ದೂರದಿಂದ, ದಣಿವಿಲ್ಲದ, ಬೆಳಗಿನ ದನಿಯಲ್ಲಿ. ಅಕ್ಷರ ಅವಳ ಹೆಲ್ಮೆಟ್ಟಿನ ಮೇಲಿನಿಂದ ಹಾದು, ಗುಂಪಿನ ಉದ್ದಕ್ಕೂ ಸಾಗಿ, ಮಂಜಿನೊಳಕ್ಕೆ ಹೋಯಿತು.

ತಿಲ್ದೆ ಹಿಂದೆ ತಿರುಗಲಿಲ್ಲ. ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಮುಂದಿನ ಕಲ್ಲನ್ನು, ಅದರ ಮುಂದಿನ ಕಲ್ಲನ್ನು ನೋಡಿದಳು.

ದೂರದಲ್ಲಿ, ಸಾಲಿನ ತುದಿಯಲ್ಲಿ, ಆ ಮಸುಕು ಬೆನ್ನು ಒಂದು ಕ್ಷಣ ಪೆಡಲ್ ನಿಲ್ಲಿಸಿತು. ಆಮೇಲೆ ರೆಮಿಯ ಬಲಗೈ ಮೇಲೆದ್ದಿತು. ಒದ್ದೆ ಕೈಗವುಸಿನ ಬೆರಳುಗಳು ನಿಧಾನವಾಗಿ ಬಿಚ್ಚಿಕೊಂಡವು. ಗುಂಪು ವೇಗ ಹಿಡಿಯಿತು, ಮಂಜು ಮೊದಲು ಚಕ್ರಗಳನ್ನು, ಆಮೇಲೆ ಬೆನ್ನನ್ನು ಮುಚ್ಚಿತು. ಎತ್ತಿದ ಕೈ ಮಾತ್ರ ಇಳಿಯದೆ ಹಾಗೆಯೇ ಮುಂದೆ ಮುಂದೆ ಹೋಗುತ್ತಿತ್ತು.