ಒಂದೇ ಕೈಯ ಮೇಜು

ನಾನು ಅವರನ್ನು ಮೊದಲು ನೋಡಿದಾಗ ಅವರ ಎಡಗೈ ಕೋಟಿನ ಜೇಬಿನಲ್ಲಿತ್ತು. ನಾನು ಕೆಲಸಕ್ಕಿದ್ದ ಕ್ಯಾಂಪಿಂಗ್ ಸಾಮಾನಿನ ಅಂಗಡಿಯ ಗಾಜಿನ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಒಳಗೆ ಬಂದವರು, ಗೋಡೆಗೆ ಒರಗಿಸಿಟ್ಟಿದ್ದ ಮಡಿಸುವ ಮೇಜುಗಳ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಂತು, ತುದಿಯಲ್ಲಿದ್ದ ಹಸಿರು ಮೇಜನ್ನು ಬಲಗೈಯಿಂದ ಎಳೆದು ನೆಲದ ಮೇಲೆ ಮಲಗಿಸಿದರು. ಆಮೇಲೆ ಅದೇ ಒಂದು ಕೈಯಿಂದ ಕೊಂಡಿ ಸರಿಸಲು, ಕಾಲುಗಳನ್ನು ಒಂದೊಂದಾಗಿ ಎಬ್ಬಿಸಲು, ಕೊನೆಗೆ ಇಡೀ ಮೇಜನ್ನು ಮಗುಚಿ ನಿಲ್ಲಿಸಲು ಹೆಣಗತೊಡಗಿದರು. ಐವತ್ತೈದರ ಆಸುಪಾಸಿನ ಹೆಂಗಸು. ಬೂದು ಬಣ್ಣದ ಹಳೆಯ ಕೋಟು, ತೋಳಿನ ತುದಿಯಲ್ಲಿ ಒಣಗಿ ಬಿಳಿಚಿದ ಅಂಟಿನ ಕಲೆಗಳು. ಪಾಪ, ಒಂದು ಕೈ ಆಗದವರು ಎಂದುಕೊಂಡು ನಾನು ಓಡಿಹೋಗಿ ಮೇಜಿನ ಇನ್ನೊಂದು ತುದಿ ಹಿಡಿದೆ.

“ಮುಟ್ಟಬೇಡಿ,” ಎಂದರು. “ನೀವು ನಮ್ಮ ಜೊತೆ ಕ್ಯಾಂಪಿಗೆ ಬರ್ತೀರಾ?”

“ಇಲ್ಲ ಮೇಡಂ.”

“ಮತ್ತೆ? ಇಲ್ಲೂ ಬಿಡಿ.”

ಬಿಟ್ಟೆ. ಮೇಜು ಅವರ ಮಂಡಿಗೆ ಬಡಿಯಿತು. ಆಗ ಜೇಬಿನೊಳಗಿನ ಎಡಗೈ ಹೊರಗೆ ಬಂದು, ಬಲಗೈಯ ಜೊತೆ ಸೇರಿಕೊಂಡು ಮಂಡಿಯನ್ನು ಚೆನ್ನಾಗಿ ತಿಕ್ಕಿತು. ನಾನು ಬಾಯಿ ಬಿಟ್ಟು ನೋಡುತ್ತಿದ್ದುದನ್ನು ಕಂಡು ಅವರು ನಕ್ಕರು.

“ನನ್ನ ಕೈಗೇನೂ ಆಗಿಲ್ಲಪ್ಪ. ಆಗಿರೋದು ನಮ್ಮ ಮನೆಯವರಿಗೆ.”

ಅವರು ಸುತ್ತಿಬಳಸಿ ಮಾತಾಡುವವರಲ್ಲ. ವಿಷಯವೆಲ್ಲ ಅಲ್ಲೇ ನಿಂತು ಹೇಳಿದರು. ಅವರ ಯಜಮಾನರು ಪ್ಲಂಬರ್. ಪ್ರತಿ ಬೇಸಿಗೆಯ ಮೊದಲ ರಜೆಗೆ ಇವರಿಬ್ಬರು, ಇವರ ತಂಗಿ, ತಂಗಿಯ ಗಂಡ, ನಾಲ್ಕೂ ಜನ ಕೆರೆಯ ದಡದಲ್ಲಿ ನಾಲ್ಕು ದಿನ ಡೇರೆ ಹಾಕುವುದು ಇಪ್ಪತ್ತು ವರ್ಷದ ಪದ್ಧತಿ. ಗಾಡಿ ನಿಂತ ಕೂಡಲೇ ಮೊದಲು ಇಳಿಯುವವರು ಯಜಮಾನರು, ಮೊದಲು ಇಳಿಸುವುದು ಅವರೇ ಮಾಡಿದ ಮರದ ಮೇಜು. ಅದು ನಿಂತ ಜಾಗವೇ ಅಡುಗೆಮನೆ, ಅದೇ ಪಡಸಾಲೆ. ಎರಡು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿದು ಒಂದು ಕೈ ಸುಮ್ಮನಾಯಿತು. ಕಳೆದ ಬೇಸಿಗೆಯಲ್ಲಿ ಉಳಿದ ಮೂವರೂ ಡೇರೆ, ಒಲೆ, ಮೇಜು ಎಂದು ಓಡಾಡುವಾಗ ಅವರು ಗಾಡಿಯ ಮುಂದಿನ ಸೀಟಿನಲ್ಲೇ ಕುಳಿತಿದ್ದರು. ಮನೆಗೆ ಬಂದ ಮೇಲೆ, “ಮುಂದಿನ ಸಲ ನೀವು ಮೂವರೇ ಹೋಗ್ಬನ್ನಿ. ಸಾಮಾನಿನ ಜೊತೆ ನಾನೊಂದು ಸಾಮಾನು ಯಾಕೆ?” ಎಂದರಂತೆ.

“ಒಂದೇ ಕೈಯಲ್ಲಿ ಬಿಚ್ಚೋ ಮೇಜು ಸಿಕ್ಕಿದ್ರೆ ಬರ್ತಾರೆ,” ಎಂದು ಅವರು ಕೋಟು ಕೊಡವಿಕೊಂಡರು. “ಸಿಗದಿದ್ರೆ ನಾನೂ ಹೋಗಲ್ಲ.”

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಆ ಅಂಗಡಿಗೆ ಸೇರಿ ಆಗಿನ್ನೂ ಎರಡೇ ವಾರವಾಗಿತ್ತು. ಅಲ್ಲಿದ್ದ ಪ್ರತಿ ಸಾಮಾನಿನ ತೂಕ, ಉದ್ದ, ಎತ್ತರಗಳನ್ನು ಪರೀಕ್ಷೆಗೆ ಓದಿದಂತೆ ಬಾಯಿಪಾಠ ಮಾಡಿದ್ದೆ. ಹೊಲದಲ್ಲಿ ಕುಳಿತು ಉಣ್ಣಲು ಬದುವೊಂದಿದ್ದರೆ ಸಾಕು ಎಂದು ಬೆಳೆದವನಿಗೆ, ಬಯಲಿಗೆ ಹೋಗಿ ಉಣ್ಣಲು ಜನ ಮೇಜು ಕೊಳ್ಳುವುದೇ ಒಳಗೊಳಗೆ ನಗೆ ತರಿಸುತ್ತಿತ್ತು. ಆ ದಿನದಿಂದ ಆ ನಗೆ ನಿಂತಿತು.

ಅವರು ಊರಿನ ದೊಡ್ಡ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಮೂವತ್ತು ವರ್ಷ ಕಪಾಟುಗಳ ನಡುವಿನ ಇಕ್ಕಟ್ಟಿನಲ್ಲಿ ನಡೆದು ನಡೆದು, ವಿಶಾಲವಾದ ಬೀದಿಯಲ್ಲೂ ಒಂದು ಭುಜ ಮುಂದೆ ಮಾಡಿ ಅಡ್ಡಡ್ಡಲಾಗಿಯೇ ನಡೆಯುತ್ತಿದ್ದರು. ಅವರು ಬರುವುದು ಶನಿವಾರ ಮಧ್ಯಾಹ್ನ; ಬಂದರೆ ಮೇಜುಗಳ ಕುಲಗೋತ್ರವನ್ನೇ ಜಾಲಾಡಿಸಿ ಹೋಗುವರು. ದೊಡ್ಡ ಅಳತೆಯದು ಬೇಕಾದರೆ, “ಇದರ ಅಣ್ಣ ಇದ್ದಾನಾ?” ಹಗುರವಾದದ್ದು ಬೇಕಾದರೆ, “ಇದರ ತಂಗಿ ಎಲ್ಲಿ?” ಪಟ್ಟಿ, ಸರಳು, ಚೀಲ ಎಂದು ಹದಿನಾರು ಬಿಡಿಭಾಗಗಳಿದ್ದ ದುಬಾರಿ ಮೇಜೊಂದನ್ನು ನಾನು ಹುರುಪಿನಿಂದ ವರ್ಣಿಸಿದಾಗ ಪೂರ್ತಿ ಕೇಳಿಸಿಕೊಂಡು, “ಇವನು ಹೊಸ ಅಳಿಯ. ಉಪಚಾರಕ್ಕೇ ನಾಲ್ಕು ಜನ ಬೇಕು,” ಎಂದು ಪಕ್ಕಕ್ಕಿಟ್ಟರು. ಅಂಗಡಿಯ ನುಣುಪು ನೆಲದ ಮೇಲೆ ಯಾವ ಮೇಜನ್ನೂ ಒಪ್ಪಿದವರಲ್ಲ. “ಇಲ್ಲಿ ಎಲ್ಲರೂ ಸಾಧುಗಳೇ. ಹೊರಗೆ ಬರ್ಲಿ, ಗುಣ ನೋಡೋಣ,” ಎಂದು ಬಾಗಿಲಾಚೆಯ ಜಲ್ಲಿಯ ಮೇಲೆ ನಿಲ್ಲಿಸಿ, ಲೋಟದ ತುಂಬ ನೀರಿಟ್ಟು ನೋಡುವರು. ಅಂಗಡಿಯ ಮಾಲೀಕರು ಅವರಿಗೆ ಮೇಜಿನಮ್ಮ ಎಂದು ಹೆಸರಿಟ್ಟರು. ನಾನು ಮೇಡಂ ಬಿಟ್ಟು ಅಕ್ಕ ಎನ್ನತೊಡಗಿದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಹನ್ನೊಂದು ಮೇಜುಗಳು ಅವರಿಂದ ತಿರಸ್ಕೃತವಾಗಿದ್ದವು. ಹನ್ನೆರಡನೆಯದರ ಕೊಂಡಿ ಅವರ ಬಲಗೈ ಹೆಬ್ಬೆರಳಿಗೆ ಸಲೀಸಾಗಿ ಸರಿಯಿತು, ಕಾಲುಗಳು ತಾವಾಗಿಯೇ ಎದ್ದು ನಿಂತವು. ಅವರ ಮುಖ ಅರಳಿತು. ನಾನು ಮಾತ್ರ ಆ ಕೊಂಡಿಯನ್ನೇ ನೋಡುತ್ತಿದ್ದೆ. ನಮ್ಮ ದೊಡ್ಡಪ್ಪನಿಗೂ ಹೀಗೇ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದಾಗ, ಎಡಗೈಯಲ್ಲಿ ಹುಲ್ಲು ಕೊಯ್ಯಲು ಹೋಗಿ ಕುಡುಗೋಲು ಬೀಸಿ ಒಗೆದಿದ್ದರು. ಕಮ್ಮಾರ ಕುಡುಗೋಲು ಬಡಿಯುವುದೇ ಬಲಗೈಗೆ ಎಂಬುದು ಮನೆಯವರಿಗೆಲ್ಲ ತಿಳಿದದ್ದು ಆಗಲೇ.

“ಅಕ್ಕ, ಯಜಮಾನರದು ಯಾವ ಕೈ?”

“ಬಲಗೈ ಬಿದ್ದಿರೋದು. ಎಡಗೈ ಗಟ್ಟಿಯಾಗೇ...” ಅವರು ತಮ್ಮ ಬಲಗೈಯನ್ನು ನೋಡಿದರು, ಎಡ ಜೇಬನ್ನು ನೋಡಿದರು, ಹಾಗೆಯೇ ಜಲ್ಲಿಯ ಮೇಲೆ ಕುಳಿತುಬಿಟ್ಟರು. ಅಳುತ್ತಿದ್ದಾರೆಂದು ನಾನು ಹೆದರಿದೆ. ಅವರು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಂತೆ.

“ನೋಡಪ್ಪ ನನ್ನ ಜಾಣತನ! ಒಂದು ಕೈ ಬಿಟ್ಟುಕೊಡ್ಬೇಕು ಅಂದಾಗ ಕೆಲಸಕ್ಕೆ ಬಾರದ ಕೈನೇ ಬಿಟ್ಟುಕೊಟ್ಟೆ.”

ಆ ಹನ್ನೆರಡನೆಯ ಮೇಜು ಎಡಗೈಗೆ ಜಪ್ಪಯ್ಯ ಎನ್ನಲಿಲ್ಲ. ಇನ್ನೊಬ್ಬರಾಗಿದ್ದರೆ ಅಲ್ಲಿಗೇ ಕೈಚೆಲ್ಲುತ್ತಿದ್ದರು, ಇಲ್ಲವೇ ಹನ್ನೊಂದನ್ನೂ ಅಂದೇ ಮತ್ತೆ ನೋಡುತ್ತಿದ್ದರು. ಅವರು ಎರಡನ್ನೂ ಮಾಡಲಿಲ್ಲ. “ಅವರ ಎಡಗೈಗೆ ಎರಡು ವರ್ಷದ ಅಭ್ಯಾಸ ಇದೆ, ನನ್ನದಿನ್ನೂ ಶಾಲೆಗೇ ಸೇರಿಲ್ಲ. ಇದರ ಮಾತು ಕೇಳಿ ಮೇಜು ತಗೊಂಡ್ರೆ ನ್ಯಾಯ ಆಗಲ್ಲ,” ಎಂದು ಆರು ವಾರ ಕಾಲಾವಕಾಶ ಕೇಳಿದರು. ಯಾರನ್ನು ಕೇಳಿದರೋ ಗೊತ್ತಿಲ್ಲ, ನಾನಂತೂ ಕೊಟ್ಟೆ.

ಆ ನಡುವೆ ಹೊಸ ಮೇಜೊಂದರ ಚಿತ್ರಪಟ ತೋರಿಸಲು ಗ್ರಂಥಾಲಯದ ನೆಲಮಾಳಿಗೆಗೆ ಹೋಗಿದ್ದೆ. ಕಿರಿದಾದ ಕೋಣೆ, ಮೇಲೆ ಕಿಟಕಿಯ ಬದಲು ಒಂದು ಗಾಜಿನ ಪಟ್ಟಿ, ಅದರಾಚೆ ಬೀದಿಯಲ್ಲಿ ಓಡಾಡುವವರ ಪಾದಗಳು. ಎದುರಿಗಿನ ಮರದ ಒತ್ತುಯಂತ್ರದಲ್ಲಿ ನಾಲ್ಕು ಪುಸ್ತಕಗಳು ಉಸಿರು ಬಿಗಿಹಿಡಿದು ಕುಳಿತಿದ್ದವು. ಅವರ ಬಲಗೈ ಕೋಟಿನ ಜೇಬಿನಲ್ಲಿತ್ತು. ಎಡಗೈಯ ಕುಂಚ ರಟ್ಟಿನ ಮೇಲೆ ಅಂಟು ಸವರುತ್ತ, ಅಂಚು ದಾಟಿ ಹೋಗುತ್ತ, ಮತ್ತೆ ಒಳಗೆ ಬರುತ್ತಿತ್ತು. ಊಟದ ಚಮಚವೂ ಎಡಗೈಗೇ ವರ್ಗವಾಗಿದೆ, ಮನೆಯಲ್ಲಿ ಮಾತ್ರ ಯಜಮಾನರಿಗೆ ಗೊತ್ತಾಗಬಾರದೆಂದು ಬಲಗೈಯಲ್ಲೇ ಉಣ್ಣುತ್ತೇನೆ ಎಂದರು. ಕಟ್ಟಿ ಮುಗಿದ ಪುಸ್ತಕವೊಂದನ್ನು ನಡುವೆ ತೆರೆದು ಬಿಟ್ಟರು. ಅದು ಮುಚ್ಚಿಕೊಳ್ಳದೆ ಹಾಗೆಯೇ ಮಲಗಿತು. “ಪುಸ್ತಕಾನೂ ಮಡಿಸೋ ಮೇಜೇ. ತೆರೆದ ಮೇಲೆ ತೆರೆದೇ ಇರ್ಬೇಕು. ಹಿಡ್ಕೊಂಡು ಕೂರೋ ಹಾಗಾದ್ರೆ ಯಾರೂ ಓದಲ್ಲ.”

ಆರು ವಾರ ಕಳೆದು ಬಂದರು. ಹನ್ನೆರಡನ್ನೂ ಎಡಗೈಯಲ್ಲಿ ನೋಡಿದರು. ಯಾವುದೂ ಆಗಲಿಲ್ಲ. ರಜೆಗೆ ಉಳಿದದ್ದು ಎಂಟು ದಿನ. ಅಂದು ಮೊದಲ ಸಲ ಅವರ ಮುಖ ಬಾಡಿದ್ದನ್ನು ಕಂಡೆ. ಕೋಟಿನ ಗುಂಡಿ ಹಾಕಿಕೊಂಡು, ನೆಲ ನೋಡುತ್ತ ಹೊರಡಲು ತಿರುಗಿದರು.

ಅಷ್ಟರಲ್ಲಿ ಮಾಲೀಕರ ಊಟ ಮುಗಿದಿತ್ತು. ಅವರು ಬಲಗೈಯಲ್ಲಿ ಫೋನು ಹಿಡಿದು ಯಾರ ಮೇಲೋ ರೇಗುತ್ತಲೇ, ಎಡಗೈಯಲ್ಲಿ ಬುತ್ತಿಯನ್ನು ಪಕ್ಕಕ್ಕಿಟ್ಟು, ದಿನಾ ಉಣ್ಣುವ ಕಂದು ಬಣ್ಣದ ಹಳೆಯ ಮೇಜನ್ನು ಪಟಪಟನೆ ಮಡಿಸಿ ಮೂಲೆಗೆ ತಳ್ಳಿದರು. ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಐದು ತಿಂಗಳಿಂದ ಅದು ನಮ್ಮ ಕಣ್ಣೆದುರಿಗೇ ಇತ್ತು.

“ಅದು ಮಾರೋದಲ್ಲ ತಾಯಿ,” ಎಂದರು ಮಾಲೀಕರು, ಅಕ್ಕ ಹತ್ತಿರ ಬರುತ್ತಿದ್ದುದನ್ನು ಕಂಡೇ. “ಆ ಮಾಡೆಲ್ ನಿಂತೇಹೋಯ್ತು. ನನ್ನ ಊಟದ ಮೇಜು.”

“ನಿಮಗೆ ಎರಡು ಕೈ ಇದೆಯಲ್ಲ. ಯಾವುದರ ಮೇಲಾದ್ರೂ ಉಣ್ತೀರಿ.”

ಎಡಗೈಯಿಂದ ಬಿಚ್ಚಿದರು, ಮಡಿಸಿದರು. ಐದು ಸಲ. ಕೊನೆಯ ಸಲ ಕಣ್ಣು ಮುಚ್ಚಿಕೊಂಡು. ಮಾಲೀಕರು ನನ್ನತ್ತ ನೋಡಿ, “ಮೇಜಿನಮ್ಮನಿಗೆ ನನ್ನ ಅನ್ನದ ಮೇಲೇ ಕಣ್ಣು ಬಿತ್ತಲ್ಲೋ!” ಎಂದು ಗೊಣಗುತ್ತ ಬಿಲ್ಲು ಬರೆದರು. ಆಮೇಲೆ ಹಸಿರು ಮೇಜಿನ ಮೇಲೆ ಉಣ್ಣುತ್ತ, ಅದು ಅಲುಗಿದಾಗಲೆಲ್ಲ ನಮ್ಮಿಬ್ಬರನ್ನೂ ಬೈಯುತ್ತಿದ್ದರು.

ಮುಂದಿನದನ್ನು ರಜೆಯ ನಂತರ ಅವರೇ ಬಂದು ಹೇಳಿದರು. ಮೇಜನ್ನು ಮನೆಯ ನಡುಕೋಣೆಯಲ್ಲಿ ಓಡಾಡುವ ದಾರಿಗೇ ಅಡ್ಡವಾಗಿ ಒರಗಿಸಿ, “ಹಳೇದು ಅಗ್ಗಕ್ಕೆ ಸಿಕ್ತು, ಬಿಚ್ಚೋದು ಹೇಗೋ ಗೊತ್ತಾಗ್ತಿಲ್ಲ,” ಎಂದು ಸುಳ್ಳು ಹೇಳಿ ಸುಮ್ಮನಿದ್ದರಂತೆ. ಎರಡು ದಿನ ಯಜಮಾನರು ಅದಕ್ಕೆ ಸುತ್ತುಹಾಕಿಕೊಂಡು ಓಡಾಡಿದರು. ಮೂರನೆಯ ಸಂಜೆ ಅಕ್ಕ ಕೆಲಸದಿಂದ ಬಂದಾಗ ಮೇಜು ಕೋಣೆಯ ನಡುವೆ ನಾಲ್ಕೂ ಕಾಲೂರಿ ನಿಂತಿತ್ತು, ಮೇಲೆ ಚಹಾದ ಲೋಟ. ಯಜಮಾನರು ತಲೆಯೆತ್ತದೆ, “ಕೀಲಿಗೆ ಸ್ವಲ್ಪ ಎಣ್ಣೆ ಬೇಕು. ಹೋಗೋ ಮುಂಚೆ ಹಾಕ್ತೀನಿ,” ಎಂದರಂತೆ.

“ಇನ್ನೊಂದು ಕೇಳು. ನಾನು ಆರು ವಾರ ಎಡಗೈ ಪಳಗಿಸಿದೆನಲ್ಲ? ಅವರು ಆ ಕೊಂಡಿಗೆ ಕೈಯೇ ಹಾಕಲ್ಲ. ಮಂಡಿಯಲ್ಲಿ ಒತ್ತಿ, ಸೊಂಟ ಕೊಟ್ಟು, ಒಂದೇ ಏಟಿಗೆ ನಿಲ್ಲಿಸ್ತಾರೆ!” ಹೇಳುವಾಗ ಅವರಿಗೆ ಆದ ಸಂತೋಷವನ್ನು ನೋಡಬೇಕಿತ್ತು. ಕೆರೆಯ ದಡದಲ್ಲಿ ಯಜಮಾನರೇ ಮೊದಲು ಇಳಿದರಂತೆ. ತಂಗಿ ಅಭ್ಯಾಸಬಲದಿಂದ ಮೇಜಿನ ತುದಿ ಹಿಡಿಯಲು ಹೋದಾಗ, ಅಕ್ಕ ದೂರದಿಂದಲೇ ಕೂಗಿದರಂತೆ, “ಮುಟ್ಟಬೇಡ ಕಣೇ!”

ಪ್ರೀತಿಯನ್ನು ಮಾತಿನಲ್ಲಿ ಹೇಳಲಾರದ ಜನ ಎಲ್ಲ ಕಡೆ ಇರುತ್ತಾರೆ; ಅವರಲ್ಲಿ ಕೆಲವರು ಅದನ್ನು ಜಲ್ಲಿಯ ಮೇಲೆ ನಿಲ್ಲಿಸಿ, ಲೋಟದ ತುಂಬ ನೀರಿಟ್ಟು ನೋಡುತ್ತಾರೆ. ಇನ್ನೊಬ್ಬರ ಕಷ್ಟ ಅರ್ಥವಾಗಬೇಕೆಂದು ತಮ್ಮ ಒಳ್ಳೆಯ ಕೈಯನ್ನೇ ಜೇಬಿಗೆ ಹಾಕಿಕೊಳ್ಳುತ್ತಾರೆ, ತಪ್ಪು ಕೈಯೆಂದು ತಿಳಿದರೆ ನಕ್ಕು ಮೊದಲಿನಿಂದ ಶುರುಮಾಡುತ್ತಾರೆ. ಅವರ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ. ಆದರೂ ಅವರ ಮನೆಯ ಮೇಜುಗಳು ಅಲುಗುವುದಿಲ್ಲ.

ಈಗಲೂ ಅವರು ಅದೇ ನೆಲಮಾಳಿಗೆಯಲ್ಲಿ ಪುಸ್ತಕ ಕಟ್ಟುತ್ತಾರೆ. ಅಂಟು ಸವರುವುದು ಎಡಗೈಯಲ್ಲಿ.