ನಾಳೆ ಬರ್ತೀನಿ ಅಂದವನ ಹಾಡು

"ನಾಳೆ ಬೆಳಿಗ್ಗೆ ಬಂದು ಮುಗಿಸಿಬಿಡ್ತೀನಿ, ಅಕ್ಕಾ," ಎಂದು ಮಾತು ಕೊಟ್ಟು ಪ್ಲಂಬರ್ ಹೋಗಿ ಎರಡು ವರ್ಷವಾಗಿತ್ತು. ಅಡುಗೆಮನೆಯ ನೆಲ ಅಗೆದಂತೆಯೇ ಬಿದ್ದಿತ್ತು. ಪಾತ್ರೆ ತೊಳೆಯಲೂ ಬಚ್ಚಲಿನಿಂದ ನೀರು ಹೊರಬೇಕು. ನನ್ನ ಹೆಂಡತಿ ಸೋಲ್ ಗಾಯಕಿ, ಎದೆಯ ನೋವು ತೋಡಿಕೊಳ್ಳುವ ಪಾಶ್ಚಾತ್ಯ ಶೈಲಿಯಲ್ಲಿ ಹಾಡುವವಳು. ವರ್ಷಗಟ್ಟಲೆ ಹೋಟೆಲುಗಳಲ್ಲಿ ಹಾಡಿದ್ದಳು, ಯಾರೂ ತಟ್ಟೆಯಿಂದ ತಲೆ ಎತ್ತಿರಲಿಲ್ಲ. ಈ ಸಂಕಟವನ್ನು ಮಾತ್ರ ಹೊಟ್ಟೆಯಾಳದಿಂದ ಎಳೆದು ಸ್ಟುಡಿಯೋದಲ್ಲಿ ಹಾಡಿಬಿಟ್ಟಳು: ನಾಳೆ ಬರ್ತೀನಿ ಅಂದೆಯಲ್ಲೋ, ಬಾಗಿಲು ತೆಗೆದೇ ಇದೆ.

ರೇಡಿಯೋದಲ್ಲಿ ಅದನ್ನು ಕೇಳಿ ಊರೆಲ್ಲ ಅತ್ತಿತು. ಪತ್ರಿಕೆಯಲ್ಲಿ ನಮ್ಮಿಬ್ಬರ ಫೋಟೋ ಬಂದದ್ದೇ ತಡ, ಕೈಕೊಟ್ಟು ಹೋದವನು ನಾನೇ ಎಂದು ಜನ ತೀರ್ಮಾನಿಸಿದರು. ನಾನು ಬಸ್ ಡ್ರೈವರ್, ತಪ್ಪಿಸಿಕೊಳ್ಳುವುದಾದರೂ ಎಲ್ಲಿಗೆ?

"ಅಂಥಾ ಹೆಂಡ್ತೀನ ಬಿಟ್ಟು ಓಡಿಹೋದ್ಯಲ್ಲೋ, ನಾಚಿಕೆ ಆಗಲ್ವಾ?" ಎಂದು ಬಸ್ ಹತ್ತಿದ ಅಜ್ಜಿಯೊಬ್ಬರು ಛತ್ರಿಯಿಂದ ತಿವಿದರು.

"ದಿನಾ ಅವಳ ಪಕ್ಕದಲ್ಲೇ ಗೊರಕೆ ಹೊಡೀತೀನಿ, ಅಜ್ಜಿ!"

"ಸುಳ್ಳು ಬೇರೆ!"

ಮನೆಗೆ ಬಂದು ಬೇಡಿಕೊಂಡೆ. "ನಾಳೆ ರೇಡಿಯೋ ಸಂದರ್ಶನದಲ್ಲಿ ನಿಜ ಹೇಳ್ಬಿಡು ಕಣೇ."

"ಪ್ಲಂಬರ್ ಅಂದ್ರೆ ಹಾಡು ಸತ್ತೇಹೋಗುತ್ತೆ ಅಂತಾರೆ ರೆಕಾರ್ಡ್ ಕಂಪನಿಯೋರು. ಜನ ಈಗ್ತಾನೆ ಕೇಳ್ತಿದಾರೆ ಕಣ್ರೀ."

"ಮತ್ತೆ ನನ್ನ ಮಾನ?"

ಅವಳು ಬಕೆಟ್ ಎತ್ತಿಕೊಂಡು ಬಚ್ಚಲಿಗೆ ಹೋದಳು.

ಮರುದಿನ ರೇಡಿಯೋದ ಹುಡುಗಿ ಕಣ್ಣೊರೆಸಿಕೊಳ್ಳುತ್ತ ಕೇಳಿದಳು: "ಯಾರು ಮೇಡಂ ಆ ನಿರ್ದಯಿ?"

"ಪ್ಲಂಬರ್," ಎಂದಳು ನನ್ನ ಹೆಂಡತಿ. "ಅಡುಗೆಮನೆ ಅಗೆದು ಹೋದ. ಗಂಡ ಮನೇಲೇ ಇದಾರೆ, ತೊಲಗಿ ಅಂದ್ರೂ ತೊಲಗಲ್ಲ."

ಹಾಡು ಸಾಯಲಿಲ್ಲ. ಮನೆಮನೆಗೂ ಅಂಥ ಪ್ಲಂಬರ್ ಒಬ್ಬನಿದ್ದ, ಜನ ಇನ್ನೂ ಜೋರಾಗಿ ಅತ್ತರು. ಅಜ್ಜಿ ನನ್ನ ಬೆನ್ನು ಸವರಿದರು.

ಪ್ಲಂಬರ್ ಬರಲಿಲ್ಲ.